ಲೆಕ್ಕ ಕೇಳುವವರು

ಮೂವತ್ತನಾಲ್ಕು ವರ್ಷ ಕಾಮರ್ಸ್ ತರಗತಿಗಳಲ್ಲಿ ಜಮಾ-ಖರ್ಚಿನ ಪಾಠ ಹೇಳಿ ನಿವೃತ್ತನಾದ ನನಗೆ, ಕೆಲಸ ಸಂಪಾದಿಸುವ ವಿದ್ಯೆಯನ್ನು ಕಲಿಸುವ ಪ್ರಸಂಗ ಇಳಿವಯಸ್ಸಿನಲ್ಲಿ ಒದಗೀತೆಂದು ಎಣಿಸಿರಲಿಲ್ಲ. ನಾನು ಕೆಲಸ ಸಂಪಾದಿಸಿದ ಬಗೆ ಬಹಳ ಸುಲಭದ್ದು. 1974ರಲ್ಲಿ, ಇದ್ದ ಒಂದೇ ಒಳ್ಳೆಯ ಷರಟಿಗೆ ಇಸ್ತ್ರಿ ಹಾಕಿಸಿ ತೊಟ್ಟು, ಒಂದು ಖಾಸಗಿ ಕಾಲೇಜಿನ ಆಡಳಿತ ಮಂಡಲಿಯ ಮುಂದೆ ಹೋಗಿ ನಿಂತೆ. ಅಧ್ಯಕ್ಷರು ಮೂರು ಪ್ರಶ್ನೆ ಕೇಳಿದರು: ಊರು ಯಾವುದು, ತಂದೆ ಏನು ಮಾಡುತ್ತಾರೆ, ನಾಳೆಯಿಂದ ಬರಬಹುದೆ. ಮೂರಕ್ಕೂ ನಿಜವಾದ ಉತ್ತರ ನನ್ನ ಬಳಿಯಲ್ಲೇ ಇತ್ತು. ಸಿದ್ಧತೆ ಎಂಬ ಮಾತಿಗೆ ಅಲ್ಲಿ ಎಡೆಯೇ ಇರಲಿಲ್ಲ.

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ, ತಿಪಟೂರಿನಲ್ಲಿ ನನ್ನ ಶಿಷ್ಯನಾಗಿದ್ದವನೊಬ್ಬನ ಮಗಳು ಬೆಂಗಳೂರಿನ ನಮ್ಮ ಮನೆಗೆ ಬಂದಳು. ತಂದೆ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಮಗಳು ಇಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಕೈಯಲ್ಲಿ ಒಂದು ಚೀಲ ಕೊಬ್ಬರಿ, ಮುಖದಲ್ಲಿ ಒಂದು ಮಣ ಆತಂಕ. "ಸಾರ್, ಮುಂದಿನ ತಿಂಗಳು ಕಾಲೇಜಿಗೆ ದೊಡ್ಡ ಆಡಿಟ್ ಕಂಪನಿಗಳು ಬರುತ್ತವೆ. ಕ್ಯಾಂಪಸ್ಸಿನಲ್ಲೇ ಆರಿಸಿಕೊಳ್ಳುತ್ತಾರಂತೆ. ನನ್ನನ್ನು ಸಿದ್ಧ ಮಾಡಬೇಕು" ಎಂದಳು. ಅವಳ ಓದಿಗಾಗಿ ತಂದೆ ಸೊಸೈಟಿಯಲ್ಲಿ ಸಾಲ ಮಾಡಿದ್ದನೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಇನ್ನೊಬ್ಬ ಮಗ ಪಿಯುಸಿಗೆ ಸೇರಿದ್ದನೆಂದೂ ಗೊತ್ತಿತ್ತು. ಇಲ್ಲವೆನ್ನಲಾಗಲಿಲ್ಲ. ಒಪ್ಪಿಕೊಂಡೆ. ಮುಂದಿನ ಭಾನುವಾರ ಅವಳ ಜೊತೆಗೆ ಇನ್ನೂ ಐವರು ಬಂದರು. ನಮ್ಮ ಮನೆಯ ಜಗಲಿ ಮತ್ತೆ ತರಗತಿಯಾಯಿತು.

ಈ ಕಂಪನಿಗಳ ವಿಚಾರವಾಗಿ ವಾಚಕರಿಗೆ ಎರಡು ಮಾತು ಹೇಳುವುದು ಅವಶ್ಯ. ಇವು ಬಟ್ಟೆ ನೇಯುವುದಿಲ್ಲ, ಯಂತ್ರ ಮಾಡುವುದಿಲ್ಲ, ತಿಳಿವಳಿಕೆಯನ್ನು ಮಾರುತ್ತವೆ. ಪರರ ಲೆಕ್ಕ ಪರಿಶೋಧಿಸುವುದು, ತೆರಿಗೆಯ ಸಲಹೆ ಕೊಡುವುದು, ಉದ್ಯಮಗಳನ್ನು ಕೊಳ್ಳುವವರಿಗೂ ಮಾರುವವರಿಗೂ ಬೆಲೆ ಕಟ್ಟಿಕೊಡುವುದು ಇವುಗಳ ಕಸುಬು. ವಿಲಿಯಂ ವೆಲ್ಚ್ ಡೆಲಾಯ್ಟ್ ಎಂಬಾತ ಲಂಡನ್ನಿನಲ್ಲಿ ತನ್ನ ಕಚೇರಿ ತೆರೆದದ್ದು 1845ರಲ್ಲಿ; ಸ್ಯಾಮ್ಯುಯಲ್ ಪ್ರೈಸ್ ಎಂಬಾತ ತೆರೆದದ್ದು 1849ರಲ್ಲಿ. ಊರೂರಿನ ಜನರ ಹಣದಿಂದ ರೈಲ್ವೆ ಕಂಪನಿಗಳು ಬೆಳೆಯುತ್ತಿದ್ದ ಕಾಲ ಅದು. ಹಣ ಕೊಟ್ಟವರು ಒಂದು ಕಡೆ, ವೆಚ್ಚ ಮಾಡುವವರು ಇನ್ನೊಂದು ಕಡೆ ಆದಾಗ ನಡುವೆ ನಂಬಿಕೆಯವನೊಬ್ಬ ಬೇಕಾದ. ನಾನು ಅಧ್ಯಾಪಕನಾದ ಹೊಸದರಲ್ಲಿ ಜಗತ್ತಿನಲ್ಲಿ ಇಂಥ ಹಿರಿಯ ಸಂಸ್ಥೆಗಳು ಎಂಟು ಎಂದು ಹೇಳುತ್ತಿದ್ದೆವು. 1989ರಲ್ಲಿ ನಾಲ್ಕು ಸೇರಿ ಎರಡಾಗಿ ಆರು ಉಳಿದವು. 1998ರಲ್ಲಿ ಆರು ಐದಾಯಿತು. ಎನ್ರಾನ್ ಹಗರಣದ ತರುವಾಯ 2002ರಲ್ಲಿ ಆರ್ಥರ್ ಆಂಡರ್ಸನ್ ಸಂಸ್ಥೆ ಕುಸಿದ ಮೇಲೆ ನಾಲ್ಕೇ. ಆ ನಾಲ್ಕೂ, ಅವುಗಳ ದಾರಿಯಲ್ಲೇ ನಡೆಯುವ ಇನ್ನೂ ಹಲವು ಸಂಸ್ಥೆಗಳೂ ಇಂದು ಬೆಂಗಳೂರು, ಹೈದರಾಬಾದು, ಗುರುಗ್ರಾಮಗಳಲ್ಲಿ ದೊಡ್ಡ ಕಚೇರಿಗಳನ್ನಿಟ್ಟು, ದೇಶವಿದೇಶಗಳ ಲೆಕ್ಕದ ಕೆಲಸವನ್ನು ನಮ್ಮ ಹುಡುಗ ಹುಡುಗಿಯರಿಂದ ಮಾಡಿಸುತ್ತಿವೆ. ಲೆಕ್ಕಕ್ಕೆ ರುಜು ಹಾಕುವ ಅಧಿಕಾರ ಸಿ.ಎ. ಮುಗಿಸಿದವರದು, ರುಜುವಿನವರೆಗಿನ ದಾರಿಯನ್ನು ಸವೆಸುವವರು ಈ ಬಿ.ಕಾಂ. ಮಕ್ಕಳು.

ಆರಿಸಿಕೊಳ್ಳುವ ಕ್ರಮವೋ, ರಾಗಿಯನ್ನು ಒಂದಾದ ಮೇಲೊಂದು ಜರಡಿಯಲ್ಲಿ ಹಾಯಿಸಿದ ಹಾಗೆ. ಮೊದಲು ಹತ್ತನೆಯ ತರಗತಿಯಿಂದ ಈಚಿನ ಅಂಕಗಳನ್ನು ನೋಡುತ್ತಾರೆ. ಅನಂತರ ಕಂಪ್ಯೂಟರಿನ ಮುಂದೆ ಒಂದು ಪರೀಕ್ಷೆ: ಶೇಕಡಾ ಲೆಕ್ಕ, ಕೋಷ್ಟಕಗಳನ್ನು ಓದಿ ಉತ್ತರಿಸುವುದು, ತರ್ಕ, ಇಂಗ್ಲಿಷು, ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಕ್ಕುವುದಿಲ್ಲ. ಅದು ದಾಟಿದರೆ ಗುಂಪು ಚರ್ಚೆ. ಅದೂ ದಾಟಿದರೆ ವಿಷಯಜ್ಞಾನದ ಸಂದರ್ಶನ. ಕಡೆಯಲ್ಲಿ ಹಿರಿಯರೊಬ್ಬರ ಸಂದರ್ಶನ. ಕೆಲವು ಕಡೆ ಎದುರಿಗೆ ಮನುಷ್ಯರೇ ಇರುವುದಿಲ್ಲವಂತೆ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಕ್ಯಾಮೆರಾದ ಕಣ್ಣನ್ನು ನೋಡುತ್ತ ಉತ್ತರ ಹೇಳಬೇಕು. ತಲೆದೂಗುವವರೂ ಇಲ್ಲ, ಹುಬ್ಬು ಗಂಟಿಕ್ಕುವವರೂ ಇಲ್ಲ. ಅದನ್ನು ಕೇಳಿ ನನಗೆ ಮಕ್ಕಳ ಮೇಲೆ ಮರುಕವೇ ಆಯಿತು.

ವಿಷಯಜ್ಞಾನದ ಭಾಗ ನನಗೆ ಪರಿಚಿತ ನೆಲ. ಆದರೆ ಅಲ್ಲಿಯೂ ಒಂದು ಸಂಗತಿ ಕಂಡೆ. ನಮ್ಮ ಮಕ್ಕಳು ವ್ಯಾಖ್ಯೆಗಳನ್ನು ಬಲ್ಲರು. ಒಂದು ಅಂಕಿಯನ್ನು ಕದಲಿಸಿದರೆ ಉಳಿದವು ಹೇಗೆ ಕದಲುತ್ತವೆ ಎಂಬುದನ್ನು ಅರಿಯರು. ಸಂದರ್ಶನಗಳಲ್ಲಿ ಹೆಸರುವಾಸಿಯಾದ ಪ್ರಶ್ನೆಯೊಂದಿದೆ: ಸವಕಳಿಯನ್ನು ಹತ್ತು ರೂಪಾಯಿ ಹೆಚ್ಚಿಸಿದರೆ ಏನಾಗುತ್ತದೆ? ತೆರಿಗೆ ನೂರಕ್ಕೆ ಮೂವತ್ತು ಎಂದಿಟ್ಟುಕೊಳ್ಳೋಣ. ತೆರಿಗೆಯ ಲೆಕ್ಕದಲ್ಲೂ ಆ ಸವಕಳಿ ಸಲ್ಲುತ್ತದೆ ಎಂದುಕೊಳ್ಳೋಣ. ಲಾಭ ಹತ್ತಲ್ಲ, ಏಳು ರೂಪಾಯಿ ಮಾತ್ರ ಇಳಿಯುತ್ತದೆ; ಏಕೆಂದರೆ ತೆರಿಗೆಯಲ್ಲಿ ಮೂರು ಉಳಿಯಿತು. ಸವಕಳಿಗಾಗಿ ಯಾರಿಗೂ ಹಣ ಕೊಡಲಿಲ್ಲವಾದ್ದರಿಂದ ಕೈಯಲ್ಲಿನ ನಗದು ಮೂರು ಹೆಚ್ಚುತ್ತದೆ. ಯಂತ್ರದ ಬೆಲೆ ಹತ್ತು ಇಳಿಯಿತು, ನಗದು ಮೂರು ಏರಿತು. ಆಸ್ತಿಯ ಕಡೆ ಏಳು ಕಡಿಮೆ. ಎದುರು ಕಡೆ ಮಾಲೀಕರ ಪಾಲಿನ ಲಾಭವೂ ಏಳು ಕಡಿಮೆ. ತಕ್ಕಡಿ ಸರಿಹೋಯಿತು. ಲಾಭ ಇಳಿದು ನಗದು ಏರುವುದೆ ಎಂದು ಜಗಲಿಯ ಮೇಲಿದ್ದ ಆರು ಮಂದಿಯಲ್ಲಿ ಐವರು ಬೆರಗಾದರು. ಬೆರಗಾಗದೆ ನಕ್ಕವನು ಒಬ್ಬನೇ: ಹಾಸನದ ಕಡೆಯ ಒಬ್ಬ ಹುಡುಗ. ಅವನ ವಿಚಾರ ಮುಂದೆ ಬರುತ್ತದೆ.

ಗುಂಪು ಚರ್ಚೆಯ ಅಭ್ಯಾಸ ಮಾಡಿಸಿದ ದಿನ ನೆರೆಮನೆಯವರು ಜಗಳವೆಂದು ತಿಳಿದು ಹೊರಗೆ ಬಂದರು. ವಿಷಯ ನಗರದ ವಾಹನ ದಟ್ಟಣೆ. ಹದಿನೈದು ನಿಮಿಷ ಆರು ಮಂದಿಯೂ ಮಾತಾಡಿದರು, ಬಹುಪಾಲು ಏಕಕಾಲಕ್ಕೆ. ಮೊದಲು ಬಾಯಿ ತೆರೆದವರಿಗೆ ಅಂಕ ಹೆಚ್ಚು ಎಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ಮುಗಿದ ಮೇಲೆ ಒಂದು ಕೆಲಸ ಮಾಡಿದೆ. ನಿಮ್ಮ ಬಲಗಡೆ ಕುಳಿತವರು ಏನು ಹೇಳಿದರು, ಒಂದು ವಾಕ್ಯದಲ್ಲಿ ಹೇಳಿ ಎಂದೆ. ಜಗಲಿ ನಿಶ್ಶಬ್ದವಾಯಿತು.

ಆಗ ಅವರಿಗೆ ಆಡಿಟರ್ ಎಂಬ ಮಾತಿನ ಕಥೆ ಹೇಳಿದೆ. ಅದರ ಮೂಲ ಲ್ಯಾಟಿನ್ ಭಾಷೆಯದು. ಧಾತುವಿಗೆ ಕಿವಿಗೊಡುವುದು ಎಂದರ್ಥ. ಓದುಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಎದುರಿಗೆ ಕುಳಿತು ಆಲಿಸುತ್ತಿದ್ದವನೇ ಆಡಿಟರ್. ನಮ್ಮ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕೇಳು ಎಂಬ ಒಂದೇ ಮಾತಿನಲ್ಲಿ ಪ್ರಶ್ನಿಸುವುದೂ ಆಲಿಸುವುದೂ ಎರಡೂ ಅಡಗಿವೆ. ಲೆಕ್ಕ ಕೇಳುವವನು ಎಂದರೆ ಪ್ರಶ್ನೆ ಹಾಕುವವನೂ ಹೌದು, ಉತ್ತರಕ್ಕೆ ಕಿವಿಗೊಡುವವನೂ ಹೌದು. ಕೇಳುವ ಕಸುಬಿಗೆ ಹೊರಟವರು ಕೇಳದೆ ಮಾತಾಡುವ ಅಭ್ಯಾಸ ಮಾಡುವುದು ವಿಚಿತ್ರವಲ್ಲವೆ? ಅಂದಿನಿಂದ ಒಂದು ಕಟ್ಟಳೆ ಹಾಕಿದೆ: ಹಿಂದೆ ಮಾತಾಡಿದವರ ಅಭಿಪ್ರಾಯವನ್ನು ನ್ಯಾಯವಾಗಿ ಒಂದು ವಾಕ್ಯದಲ್ಲಿ ಹೇಳಿ, ಅನಂತರವೇ ತಮ್ಮದನ್ನು ಹೇಳಬೇಕು. ಮೂರು ಭಾನುವಾರಗಳಲ್ಲಿ ಗದ್ದಲ ಚರ್ಚೆಯಾಯಿತು.

ಇಷ್ಟೆಲ್ಲ ಬುದ್ಧಿ ಹೇಳಿದ ನಾನೇ ಒಂದು ತಪ್ಪು ಮಾಡಿದೆ. ಈ ಲೇಖನ ಬರೆಯಲು ಕುಳಿತದ್ದು ಮುಖ್ಯವಾಗಿ ಆ ತಪ್ಪನ್ನು ಹೇಳುವುದಕ್ಕೆ.

ಎಲ್ಲ ಸಂದರ್ಶನಗಳೂ ಒಂದೇ ಮಾತಿನಿಂದ ಆರಂಭವಾಗುತ್ತವೆ: ನಿಮ್ಮ ವಿಷಯ ಹೇಳಿ. ಆ ಹುಡುಗಿ ಬರೆದು ತಂದಿದ್ದ ಉತ್ತರದಲ್ಲಿ, ನಾನು ತಿಪಟೂರಿನವಳು, ನನ್ನ ತಂದೆ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು ಎಂಬ ವಾಕ್ಯವಿತ್ತು. ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದವನು ನಾನು. ಗಾಜಿನ ಕಟ್ಟಡದವರ ಮುಂದೆ ಮಂಡಿಯ ಮಾತು ಶೋಭಿಸದು ಎನ್ನಿಸಿತು. ಅದರ ಬದಲು, ಕೃಷಿ ಉತ್ಪನ್ನಗಳ ವಹಿವಾಟಿನ ಹಿನ್ನೆಲೆಯ ಕುಟುಂಬದಿಂದ ಬಂದವಳು ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯವನ್ನು ಹೊಸೆದುಕೊಟ್ಟೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಜೀವಮಾನವೆಲ್ಲ ಮಕ್ಕಳಿಗೆ ಲೆಕ್ಕವನ್ನು ಅಲಂಕರಿಸಬೇಡಿ ಎಂದು ಹೇಳಿದ ನಾನು ಅವಳ ಬಾಳಿನ ಲೆಕ್ಕವನ್ನು ಅಲಂಕರಿಸಿದೆ. ಅವಳು ಒಂದು ಕ್ಷಣ ಆ ಕೆಂಪು ಗೆರೆಯನ್ನು ನೋಡಿದಳು, ಏನೂ ಹೇಳಲಿಲ್ಲ. ಗುರುಗಳು ಹೇಳಿದ ಮೇಲೆ ಸರಿಯಿದ್ದೀತು ಎಂದುಕೊಂಡಿರಬೇಕು.

ಮೊದಲ ಕಂಪನಿ ಬಂತು. ಪರೀಕ್ಷೆ ದಾಟಿದಳು, ಚರ್ಚೆ ದಾಟಿದಳು. ಸಂದರ್ಶನದಲ್ಲಿ ನನ್ನ ವಾಕ್ಯವನ್ನು ಚೆನ್ನಾಗಿಯೇ ಒಪ್ಪಿಸಿದಳು. ಎದುರಿಗಿದ್ದವರಿಗೆ ಕುತೂಹಲವಾಯಿತು. ಯಾವ ಉತ್ಪನ್ನ, ವಹಿವಾಟು ಎಷ್ಟು, ಬೆಲೆ ಇಳಿದರೆ ನಿಮ್ಮ ಕುಟುಂಬ ನಷ್ಟವನ್ನು ಹೇಗೆ ತಡೆದುಕೊಳ್ಳುತ್ತದೆ ಎಂದು ಸಹಜವಾಗಿಯೇ ಕೇಳಿದರು. ಆ ವಾಕ್ಯದ ಹಿಂದೆ ಅವಳಿಗೆ ನಿಲ್ಲಲು ನೆಲವಿರಲಿಲ್ಲ. ಏನೋ ಹೇಳಿದಳು, ಅದನ್ನು ಮುಚ್ಚಲು ಇನ್ನೇನೋ ಹೇಳಿದಳು, ಕಡೆಗೆ ತಂದೆ ಅಲ್ಲಿ ಗುಮಾಸ್ತರು ಎಂದು ಹೇಳಬೇಕಾಗಿ ಬಂದಾಗ ಅದು ತಪ್ಪೊಪ್ಪಿಗೆಯಂತೆ ಹೊರಬಿತ್ತು. ತಂದೆಯ ಕಸುಬು ತಪ್ಪೊಪ್ಪಿಗೆಯಾಗುವ ಹಾಗೆ ಮಾಡಿದವನು ನಾನು. ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಎರಡು ಭಾನುವಾರ ಅವಳು ಬರಲಿಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ ತಂದೆ ಫೋನು ಮಾಡಿ, "ಏನಾಯಿತು ಸಾರ್, ಎಲ್ಲಿ ಎಡವಿದಳು?" ಎಂದು ಕೇಳಿದ. ಸ್ಪರ್ಧೆ ಬಹಳ ಎಂದೆ. ಕೆಂಪು ಶಾಯಿಯ ವಿಚಾರ ಹೇಳಲಿಲ್ಲ.

ಮತ್ತೆ ಅವಳು ಬಂದಾಗ ಪುಸ್ತಕ ತೆರೆಯಲಿಲ್ಲ. "ಕೊಬ್ಬರಿಯ ದಾಸ್ತಾನನ್ನು ಪರಿಶೋಧಿಸಲು ನಿನ್ನನ್ನೇ ತಿಪಟೂರಿಗೆ ಕಳುಹಿಸಿದರೆ ಏನು ಮಾಡುತ್ತೀ?" ಎಂದು ಕೇಳಿದೆ. ಮೊದಲು ಪಠ್ಯದ ಉತ್ತರ ಬಂತು: ಎಣಿಸುವುದು, ತೂಗುವುದು, ಪಟ್ಟಿಯೊಡನೆ ತಾಳೆ ನೋಡುವುದು. "ಅದಲ್ಲ, ನಿಮ್ಮ ಮನೆಯ ಅಟ್ಟದ ಕಥೆ ಹೇಳು" ಎಂದೆ.

ಅವಳು ಹೇಳತೊಡಗಿದಳು. ಉಂಡೆ ಕೊಬ್ಬರಿಗೆ ಅವಸರ ಸಲ್ಲದು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟುಕೊಳ್ಳುತ್ತದೆ. ಆದದ್ದನ್ನು ತಿಳಿಯುವ ಬಗೆ ಏನು? ಒಡೆದು ನೋಡಿದರೆ ಕೆಟ್ಟಿತು. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಇನ್ನೂ ಆಗಿಲ್ಲ. ಒಳಗೆ ಉಂಡೆ ಗಡಗಡ ಉರುಳಿದರೆ ಆಯಿತು. ಮಂಡಿಗೆ ಬಂದ ಕೊಬ್ಬರಿಯೂ ಪೂರ್ತಿ ಒಣಗಿರದಿದ್ದರೆ ಚೀಲದಲ್ಲಿದ್ದಷ್ಟು ದಿನ ತೂಕ ಬಿಡುತ್ತದೆ. ಆದ್ದರಿಂದ ನೂರು ಕ್ವಿಂಟಾಲು ಕೊಂಡು ಇಟ್ಟ ವರ್ತಕ ಮಾರುವಾಗ ನೂರೇ ತೂಗಿದರೆ ಅನುಮಾನಪಡಬೇಕು. ತೀರ ಕಡಿಮೆ ತೂಗಿದರೂ ಅನುಮಾನಪಡಬೇಕು. "ಎಷ್ಟು ಒಣಗಿದ್ದು, ಎಷ್ಟು ಕಳುವಾದದ್ದು ಎಂದು ಅಪ್ಪನಿಗೆ ಚೀಲ ಎತ್ತಿ ನೋಡಿದರೇ ಗೊತ್ತಾಗುತ್ತದೆ ಸಾರ್" ಎಂದಳು. ಹೇಳುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗಿತ್ತು. ಅದುವರೆಗೆ ನಾನು ನೇರವಾಗಿ ಕುಳಿತುಕೋ ಎಂದು ಎಷ್ಟೋ ಸಲ ಹೇಳಿದ್ದೆ.

"ಇದೇ ಅಲ್ಲವೆ ವೆಚ್ಚ ಲೆಕ್ಕಶಾಸ್ತ್ರದ ಸಹಜ ನಷ್ಟ, ಅಸಹಜ ನಷ್ಟದ ಪಾಠ?" ಎಂದೆ. ಅವಳು ಬಾಯಿ ತೆರೆದು ನೋಡಿದಳು. ಮೂರು ವರ್ಷ ಓದಿದ ಅಧ್ಯಾಯವೂ ಮನೆಯ ಅಟ್ಟವೂ ಅಂದು ಮೊದಲ ಬಾರಿಗೆ ಸಂಧಿಸಿದವು.

ದಾಸ್ತಾನಿನ ಕಥೆ ಸಣ್ಣದೇನಲ್ಲ. 1896ರಲ್ಲಿ ಇಂಗ್ಲೆಂಡಿನಲ್ಲಿ ಕಿಂಗ್‌ಸ್ಟನ್ ಹತ್ತಿ ಗಿರಣಿಯ ಮೊಕದ್ದಮೆ ನಡೆಯಿತು. ಗಿರಣಿಯ ಮ್ಯಾನೇಜರು ವರ್ಷಗಟ್ಟಲೆ ದಾಸ್ತಾನನ್ನು ಹೆಚ್ಚಿಸಿ ಬರೆದಿದ್ದ. ಪರಿಶೋಧಕರು ಅವನ ಪ್ರಮಾಣಪತ್ರವನ್ನೇ ನಂಬಿದ್ದರು. ಅದು ಅವರ ತಪ್ಪಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು; ಪರಿಶೋಧಕ ಕಾವಲುನಾಯಿಯೇ ಹೊರತು ಬೇಟೆನಾಯಿಯಲ್ಲ ಎಂಬ ಅಭಿಪ್ರಾಯ ಆ ತೀರ್ಪಿನಿಂದಲೇ ಪ್ರಸಿದ್ಧವಾದದ್ದು. 1938ರಲ್ಲಿ ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ ಪುಸ್ತಕಗಳಲ್ಲಿ, ಇಲ್ಲದ ಔಷಧ ಇಲ್ಲದ ಗೋದಾಮಿನಲ್ಲಿ ಇದ್ದದ್ದು ಬೆಳಕಿಗೆ ಬಂದಿತು. ಯಾರೂ ಹೋಗಿ ನೋಡಿರಲಿಲ್ಲ. ಮರುವರ್ಷದಿಂದ ಆ ದೇಶದಲ್ಲಿ ದಾಸ್ತಾನಿನ ಎಣಿಕೆಯನ್ನು ಪರಿಶೋಧಕರು ಕಣ್ಣಾರೆ ನೋಡುವುದು ಕ್ರಮವಾಯಿತು. ನಮ್ಮ ದೇಶದ ಪರಿಶೋಧನಾ ಮಾನಕಗಳಲ್ಲಿ 501ನೆಯದೂ ಇದನ್ನೇ ಹೇಳುತ್ತದೆ. ಇಷ್ಟಾದರೂ 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಅಧ್ಯಕ್ಷರು, ತಮ್ಮ ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ಐದು ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಹಣ ಇಲ್ಲವೇ ಇಲ್ಲ ಎಂದು ತಾವೇ ಪತ್ರ ಬರೆದು ಒಪ್ಪಿಕೊಳ್ಳಬೇಕಾಯಿತು. ಕಾಯನ್ನು ಅಲ್ಲಾಡಿಸಿ ನೋಡುವ ಕೆಲಸ ಎಲ್ಲೋ ತಪ್ಪಿತ್ತು. ಇವನ್ನೆಲ್ಲ ಅವಳಿಗೆ ಹೇಳಿದೆ. ಒಪ್ಪಿಸುವುದಕ್ಕಲ್ಲ, ತಾನು ಎಂಥ ಕೆಲಸಕ್ಕೆ ಹೊರಟಿದ್ದೇನೆ ಎಂಬುದು ತಿಳಿದಿರಲಿ ಎಂದು.

ಕಡೆಗೆ ಅವಳ ಹಳೆಯ ಹಾಳೆಯನ್ನು ತರಿಸಿ, ನಾನು ಹೊಡೆದುಹಾಕಿದ್ದ ವಾಕ್ಯದ ಕೆಳಗೆ ಇದೇ ಇರಲಿ ಎಂದು ಬರೆದೆ. ಜೊತೆಗೆ ಒಂದೇ ಒಂದು ಮಾತು ಕಲಿಸಿದೆ. ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಎನ್ನು. ಎಲ್ಲಿ ಹುಡುಕಿದರೆ ಸಿಕ್ಕೀತು ಎಂಬುದು ಗೊತ್ತಿದ್ದರೆ ಅದನ್ನೂ ಹೇಳು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಪರಿಶೋಧಕನಿಗಿಂತ ಅಪಾಯಕಾರಿ ಬೇರೊಬ್ಬನಿಲ್ಲ.

ಎರಡನೆಯ ಕಂಪನಿ ಸೆಪ್ಟೆಂಬರಿನಲ್ಲಿ ಬಂತು. ಸಂದರ್ಶಕಿಯೊಬ್ಬರು ಅವಳ ಊರಿನ ಹೆಸರು ಕೇಳಿ, ಮಂಡಿಯೆಂದರೇನು ಎಂದು ವಿಚಾರಿಸಿ, ಬಹುಹೊತ್ತು ಕೊಬ್ಬರಿಯ ಮೇಲೆಯೇ ಪ್ರಶ್ನೆ ಹಾಕಿದರಂತೆ. ಲಾಭದ ಅಳತೆ, ದಾಸ್ತಾನಿನ ಬೆಲೆ ಕಟ್ಟುವ ಕ್ರಮ, ವರ್ಷದ ಕೊನೆಯಲ್ಲಿ ಬೆಲೆ ಕುಸಿದರೆ ಯಾವ ಬೆಲೆಗೆ ತೋರಿಸಬೇಕು, ಎಲ್ಲವೂ ಅಟ್ಟದ ಸುತ್ತಲೇ ಸುತ್ತಿದವು. ಕೊಂಡ ಬೆಲೆ, ಮಾರಿದರೆ ಕೈಗೆ ಬರುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು ಎಂದು ಹೇಳಿದಳು. ಏಕೆ ಎಂಬುದನ್ನೂ ಹೇಳಿದಳು. ವಿದೇಶೀ ತೆರಿಗೆಯ ಪ್ರಶ್ನೆಯೊಂದಕ್ಕೆ ನನಗೆ ಗೊತ್ತಿಲ್ಲ ಎಂದಳು. ಒಂದು ವಾರದ ಮೇಲೆ ಕೆಲಸ ಸಿಕ್ಕಿದ ಸುದ್ದಿ ಬಂತು. ಕೊಬ್ಬರಿಯಿಂದಲೇ ಸಿಕ್ಕಿತೆಂದು ನಾನು ಹೇಳಲಾರೆ. ಇಂಥ ಆಯ್ಕೆಗಳಲ್ಲಿ ಅದೃಷ್ಟದ ಪಾಲೂ ಉಂಟು. ಆದರೆ ಅವಳು ಆ ಕೋಣೆಯಿಂದ ಹೊರಬರುವಾಗ ತಲೆ ತಗ್ಗಿರಲಿಲ್ಲ. ಕೆಲಸ ಸಿಕ್ಕದಿದ್ದರೂ ಅಷ್ಟು ಉಳಿಯುತ್ತಿತ್ತು.

ಇನ್ನು ಆ ಹಾಸನದ ಕಡೆಯ ಹುಡುಗನ ವಿಚಾರ. ಜಗಲಿಯ ಮೇಲಿದ್ದವರಲ್ಲಿ ಅವನೇ ಎಲ್ಲರಿಗಿಂತ ಚುರುಕು. ಅವನಿಗೆ ಸಂದರ್ಶನವೇ ಆಗಲಿಲ್ಲ. ಬಂದ ಎರಡು ಕಂಪನಿಗಳೂ ಹತ್ತನೆಯ ತರಗತಿ, ಪಿಯುಸಿ, ಪದವಿ ಮೂರರಲ್ಲೂ ನೂರಕ್ಕೆ ಅರವತ್ತು ಕೇಳಿದ್ದವು. ಪಿಯುಸಿಯಲ್ಲಿ ಅವನಿಗೆ ಬಂದದ್ದು ಐವತ್ತೇಳು. ತಂದೆ ತೀರಿಕೊಂಡ ವರ್ಷ ಅದು. ಜರಡಿಗೆ ಅದು ತಿಳಿಯುವುದಿಲ್ಲ. ನೂರಾರು ಅರ್ಜಿಗಳನ್ನು ಬೇಗ ಕಡಿಮೆ ಮಾಡಬೇಕಾದವರಿಗೆ ಜರಡಿ ಬೇಕು, ಒಪ್ಪುತ್ತೇನೆ. ಆದರೆ ಅಂಕಿಯ ಹಿಂದೆ ಏನಿದೆ ಎಂದು ನೋಡುವುದೇ ಕಸುಬಾಗಿರುವ ಸಂಸ್ಥೆಗಳು ಒಂದು ಅಂಕಿಯನ್ನು ಕಂಡೊಡನೆ ಬಾಗಿಲು ಮುಚ್ಚುವುದನ್ನು ನೋಡಿದರೆ ನೋವಾಗುತ್ತದೆ. ಅಟ್ಟದ ಮೇಲಿನ ಕಾಯನ್ನು ಕಿವಿಗೆ ಹಿಡಿಯದೆ ಎಸೆದ ಹಾಗೆ ಅದು.

ಅವನಿಗೆ ನಾನು ಹೇಳಿದ್ದು ಹಳೆಯ ದಾರಿ. 1949ರ ಕಾಯಿದೆಯಿಂದ ಹುಟ್ಟಿದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಇಂಥ ಜರಡಿ ಹಿಡಿಯುವುದಿಲ್ಲ. ಪದವಿಯಲ್ಲಿ ನೂರಕ್ಕೆ ಐವತ್ತೈದು ಬಂದ ಕಾಮರ್ಸ್ ಪದವೀಧರನಿಗೆ ಸಿ.ಎ. ಇಂಟರ್‌ಮೀಡಿಯೆಟ್ ತರಗತಿಗೆ ನೇರ ಪ್ರವೇಶವುಂಟು. ಪಿಯುಸಿಯ ಅಂಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅದರಲ್ಲಿ ತೇರ್ಗಡೆಯಾದ ಮೇಲೆ ಎರಡು ವರ್ಷ ಪರಿಶೋಧಕರ ಕೈಕೆಳಗೆ ತರಬೇತಿ. ದಾರಿ ಉದ್ದ, ಎಡವುವವರು ಬಹಳ. ಆದರೆ ತುದಿಯಲ್ಲಿ ರುಜು ಹಾಕುವ ಹಕ್ಕಿದೆ. ಈಗ ಅವನು ತನ್ನ ಊರಿನ ಆಡಿಟರೊಬ್ಬರ ಕಚೇರಿಯಲ್ಲಿ ಹಗಲು ದುಡಿದು ರಾತ್ರಿ ಓದುತ್ತಿದ್ದಾನೆ. ಅವನ ಮೇಲೆ ನನಗೆ ಭರವಸೆಯಿದೆ.

ಈ ವರ್ಷವೂ ಜುಲೈ ಬರುತ್ತದೆ, ಜಗಲಿ ತುಂಬುತ್ತದೆ. ಸವಕಳಿಯ ಲೆಕ್ಕ ಹೇಳಿಕೊಡುತ್ತೇನೆ, ಗುಂಪು ಚರ್ಚೆಯ ಕಟ್ಟಳೆಯನ್ನೂ ಹಾಕುತ್ತೇನೆ. ಆದರೆ ಅವರು ತಮ್ಮ ವಿಷಯವಾಗಿ ಬರೆದು ತಂದ ಹಾಳೆಯ ಮೇಲೆ ಕೆಂಪು ಶಾಯಿ ಆಡಿಸುವುದಿಲ್ಲ. ತಿಪಟೂರಿನ ನನ್ನ ಶಿಷ್ಯ ಭಾನುವಾರದ ಪತ್ರಿಕೆಯನ್ನು ತಪ್ಪದೆ ಓದುವವನು. ಅಂದು ಫೋನಿನಲ್ಲಿ ನಾನು ಹೇಳದೆ ಉಳಿಸಿದ್ದು ಅವನಿಗೆ ಇದರಿಂದ ತಿಳಿಯುತ್ತದೆ. ತಿಳಿಯಲಿ. ಕೇಳಿದವನಿಗೆ ಲೆಕ್ಕ ಒಪ್ಪಿಸುವುದು ತಡವಾಯಿತು, ಅಷ್ಟೆ.